ಬದುವಿನಲ್ಲೂ ಬೆಳೆಯಿದೆ



ಉರ್ದು, ಕನ್ನಡ ಕಲಿಸುವ ನನಗೂ ವಿಜ್ಞಾನಕ್ಕೂ ಏನು ನಂಟು ಎಂದು ನೀವು ಕೇಳಬಹುದು. ಜೀವಕೋಶವೂ ಓದುತ್ತದೆ, ನಕಲು ಬರೆಯುತ್ತದೆ. ಆದ್ದರಿಂದ ಭಾಷೆಯ ಮೇಷ್ಟರಿಗೂ ಅಲ್ಲಿ ಸ್ವಲ್ಪ ಜಾಗವಿದೆ.

ನಮ್ಮ ನಂಜನಗೂಡು ರಸಬಾಳೆ ಕಳಿತಾಗ ಸುತ್ತ ಹಾರಾಡುವ ಪುಟ್ಟ ನೊಣಗಳನ್ನು ನೋಡಿದ್ದೀರಿ. ಅಂಥದ್ದೇ ಹಣ್ಣುನೊಣ ಡ್ರೊಸೊಫಿಲ. ಇದರ ತಳಿಗಳನ್ನು ಕಾಪಾಡುವ ಕೇಂದ್ರವೇ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. 1970ರಲ್ಲಿ ವಿವರಿಸಿದ ಒಂದು ಪ್ರಭೇದಕ್ಕೆ 'ಡ್ರೊಸೊಫಿಲ ಮೈಸೂರೆನ್ಸಿಸ್' ಎಂದು ನಮ್ಮ ಮೈಸೂರಿನ ಹೆಸರನ್ನೇ ಇಟ್ಟಿದ್ದಾರೆ.

ಜೀವಕೋಶದಲ್ಲಿ ಪ್ರೋಟೀನು ತಯಾರಿಸುವ ಕಾರ್ಖಾನೆಗಳೇ ರೈಬೋಸೋಮುಗಳು. ಅವುಗಳಿಗೆ ಬೇಕಾದ ಆರ್‌ಎನ್‌ಎ ಕೊಡುವ ಜೀನು, ಹೆಚ್ಚು ಅಧ್ಯಯನವಾಗಿರುವ ಡ್ರೊಸೊಫಿಲ ಮೆಲನೊಗ್ಯಾಸ್ಟರ್ ನೊಣದ ಎಕ್ಸ್ ಮತ್ತು ವೈ ವರ್ಣತಂತುಗಳಲ್ಲಿ ಸಾಲಾಗಿ ಸುಮಾರು 200 ಸಲ ಬರುತ್ತದೆ. ಈ ಪ್ರತಿಗಳು ತೀರಾ ಕಡಿಮೆಯಾದರೆ ನೊಣದ ಬೆಳವಣಿಗೆ ನಿಧಾನವಾಗುತ್ತದೆ, ಮೈಮೇಲಿನ ಬಿರುಗೂದಲು ಗಿಡ್ಡವಾಗುತ್ತದೆ.

ಒಂದು ಜೀನಿಗೂ ಇನ್ನೊಂದಕ್ಕೂ ನಡುವೆ, ಗದ್ದೆಗಳ ನಡುವಿನ ಬದುವಿನ ಹಾಗೆ, ಒಂದು ತುಂಡು ಡಿಎನ್‌ಎ ಇದೆ. ಇದು ಬರೀ ಖಾಲಿ ಜಾಗವೆಂದು ತಿಳಿದು ವಿಜ್ಞಾನಿಗಳು 'ನಕಲಾಗದ ಅಂತರ' ಎಂದು ಹೆಸರಿಟ್ಟರು. ಆದರೆ ಅದರೊಳಗೆ ಸುಮಾರು 240 ಅಕ್ಷರಗಳ ತುಣುಕು ಮತ್ತೆ ಮತ್ತೆ ಬರುತ್ತದೆ. ಪ್ರತಿ ತುಣುಕಿನಲ್ಲೂ 'ಇಲ್ಲಿಂದ ನಕಲು ಶುರುಮಾಡು' ಎಂಬ ಸೂಚನೆಯಿದೆ. ನಕಲು ಅಲ್ಲಿಂದಲೂ ಶುರುವಾಗುತ್ತದೆ ಎಂದು ಎನ್ರಿಕೊ ಕೋಯೆನ್ ಮತ್ತು ಗೇಬ್ರಿಯೆಲ್ ಡೋವರ್ 1982ರಲ್ಲಿ ತೋರಿಸಿದರು. ಈ ತುಣುಕುಗಳು ಮುಂದಿನ ಜೀನಿನ ನಕಲನ್ನೂ ಹೆಚ್ಚಿಸುತ್ತವೆ ಎಂಬುದು 1988ರಲ್ಲಿ ತಿಳಿಯಿತು. ಗಂಡು ನೊಣದಲ್ಲಿ ವೀರ್ಯಾಣು ಆಗುವಾಗ ಎಕ್ಸ್ ಮತ್ತು ವೈಗಳನ್ನು ಜೊತೆಗೂಡಿಸುವುದೂ ಇವೇ ಎಂದು 1990ರ ದಶಕದ ಮೊದಲಲ್ಲಿ ಬ್ರೂಸ್ ಮೆಕ್‌ಕೀ ಮತ್ತು ಸಂಗಡಿಗರು ಕಂಡುಕೊಂಡರು. ಜೊತೆ ತಪ್ಪಿದರೆ ಮುಂದಿನ ಪೀಳಿಗೆಗೆ ವರ್ಣತಂತುಗಳ ಹಂಚಿಕೆಯೇ ಕೆಡುತ್ತದೆ.

ನರಸೀಪುರದ ನಾಲೆ ಬಯಲಿನ ರೈತನಿಗೆ ಇದು ಹೊಸ ಮಾತಲ್ಲ. ಬದು ನೀರು ನಿಲ್ಲಿಸುತ್ತದೆ, ನಡೆಯಲು ದಾರಿಯಾಗುತ್ತದೆ, ನಾಲ್ಕು ತೊಗರಿ ಗಿಡವನ್ನೂ ಬೆಳೆಸುತ್ತದೆ.

ವಿದ್ಯಾರ್ಥಿಗಳೇ, ಎಸ್ಸೆಸ್ಸೆಲ್ಸಿ ಮುಗಿಯುತ್ತಲೇ 'ವಿಜ್ಞಾನ ನಮ್ಮಂಥವರಿಗಲ್ಲ' ಎಂದು ಎಷ್ಟೋ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಪುಸ್ತಕ ಮುಚ್ಚುತ್ತಾರೆ. ಅದೂ ಪರೀಕ್ಷಿಸದೆ ಅಂಟಿಸಿದ ಹೆಸರೇ. ನೊಣದ ವಿಷಯದಲ್ಲಿ ಪಂಡಿತರು ಇಟ್ಟ ಹೆಸರೇ ನಿಲ್ಲಲಿಲ್ಲ, ಇದೇಕೆ ನಿಲ್ಲಬೇಕು? ತಂದೆ ತಾಯಂದಿರೇ, ಮಾನಸಗಂಗೋತ್ರಿ ಇಲ್ಲಿಂದ ಒಂದು ಗಂಟೆಯ ಬಸ್ಸಿನ ದಾರಿ. ಮಕ್ಕಳನ್ನು ಅಲ್ಲಿಯವರೆಗೆ ಓದಿಸಿ.