ನರ ಸಿಗುತ್ತಿಲ್ಲ ಎಂದಾಗ



ನಾನು ವೈದ್ಯನಲ್ಲ, ಉರ್ದು, ಕನ್ನಡ ಪಾಠ ಹೇಳುವ ಮೇಷ್ಟ್ರು. ಆದರೂ ಇಂದು ಡ್ರಿಪ್ ಸೂಜಿಯ ಬಗ್ಗೆ ಮಾತನಾಡಲು ನಿಂತಿದ್ದೇನೆ. ನಿಮ್ಮಲ್ಲಿ ಕೆಲವರು ಪಿ.ಯು.ಸಿ. ಮುಗಿಸಿ ನರ್ಸಿಂಗ್ ಸೇರುವವರು. ಉಳಿದವರ ಮನೆಯಲ್ಲೂ ಒಬ್ಬರಾದರೂ ಸ್ಥೂಲಕಾಯದವರು ಇದ್ದೇ ಇರುತ್ತಾರೆ.

ಕಳೆದ ವರ್ಷ ವಾಂತಿಭೇದಿಯಾಗಿ ನನ್ನ ಖಾಲಾರನ್ನು ನಗರದ ಒಂದು ಆಸ್ಪತ್ರೆಗೆ ಸೇರಿಸಿದೆವು. ತೂಕ 104 ಕಿಲೋ, ಜೊತೆಗೆ ಸಕ್ಕರೆ ಕಾಯಿಲೆ. ಮುಂಗೈ, ಮಣಿಕಟ್ಟು, ಮೊಣಕೈ ಮಡಿಕೆ ಎಂದು ಏಳು ಸಲ ಚುಚ್ಚಿದರು. "ದಪ್ಪ ಇದ್ದೀರಲ್ಲಮ್ಮ, ನರ ಸಿಗ್ತಾ ಇಲ್ಲ" ಎಂದರು ಸಿಸ್ಟರ್. ಖಾಲಾ ನೋವು ನುಂಗಿಕೊಂಡು "ಮಾಫ್ ಕರೋ ಬೇಟಿ" ಎಂದು ಆ ಹುಡುಗಿಗೇ ಕ್ಷಮೆ ಕೇಳಿದರು. ಚುಚ್ಚಿಸಿಕೊಂಡವರೇ ಕ್ಷಮೆ ಕೇಳುವುದು! ಆ ಮಾತು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಭಾಷಾ ಮೇಷ್ಟ್ರಾಗಿ ಒಂದು ತಿದ್ದುಪಡಿ. ನರ ಎಂದರೆ ಸಂದೇಶ ಒಯ್ಯುವ ತಂತು. ಡ್ರಿಪ್‌ಗೆ ಬೇಕಾದದ್ದು ರಕ್ತವನ್ನು ಹೃದಯಕ್ಕೆ ಮರಳಿಸುವ ಅಭಿಧಮನಿ. ಉರ್ದು ಪುಸ್ತಕದಲ್ಲಿಯೂ ರಗ್ ಬೇರೆ, ಅಸಬ್ ಬೇರೆ. ಮನೆಮಾತಿನಲ್ಲಿ ಎರಡೂ ನಸ್. ಸೂಜಿ ನಿಜವಾದ ನರಕ್ಕೆ ತಗುಲಿದರೆ ಕೈಯಲ್ಲಿ ಮಿಂಚು ಹೊಡೆದಂತಾಗುತ್ತದೆ. ಖಾಲಾರ ಅಭಿಧಮನಿ ಎಲ್ಲಿಗೂ ಹೋಗಿರಲಿಲ್ಲ. ನೀರಿನಂಶ ಕಡಿಮೆಯಾಗಿ ಕುಗ್ಗಿತ್ತು, ಕೊಬ್ಬಿನ ಪದರದ ಕೆಳಗೆ ಆಳದಲ್ಲಿತ್ತು. ಕಣ್ಣಿಗೂ ಬೆರಳಿಗೂ ನಿಲುಕಲಿಲ್ಲ, ಅಷ್ಟೆ.

ಕೊನೆಗೆ ಅರಿವಳಿಕೆ ವೈದ್ಯರೊಬ್ಬರು ಚಿಕ್ಕ ಅಲ್ಟ್ರಾಸೌಂಡ್ ಯಂತ್ರವನ್ನು ತಳ್ಳಿಕೊಂಡು ಬಂದರು. ನಾವು ವಿಮಾನಪುರದವರಿಗೆ ಈ ವಿದ್ಯೆ ಹೊಸದೇನಲ್ಲ. ವಿಮಾನದ ಲೋಹದ ಭಾಗಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಹುಡುಕುವುದೂ ಇದೇ ಶಬ್ದದಿಂದ. ನಮ್ಮ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನದವರೆಗೆ ಕೇಳುತ್ತದೆ. ಈ ಶಬ್ದದ ಕಂಪನ ಲಕ್ಷಗಟ್ಟಲೆ, ಕೋಟಿಯನ್ನೂ ಮುಟ್ಟುತ್ತದೆ. ಒಳಗೆ ಹೋಗಿ ಮರಳುವ ಪ್ರತಿಧ್ವನಿಯಿಂದ ಪರದೆಯ ಮೇಲೆ ಚಿತ್ರ ಮೂಡುತ್ತದೆ.

ವೈದ್ಯರು ತೋಳಿನ ಒಳಬದಿಗೆ ಜೆಲ್ ಹಚ್ಚಿ ಪ್ರೋಬ್ ಇಟ್ಟರು. ಪರದೆಯಲ್ಲಿ ಕಪ್ಪು ವೃತ್ತಗಳು. "ನೋಡಿ ಮೇಷ್ಟ್ರೇ" ಎಂದು ಮೆಲ್ಲಗೆ ಒತ್ತಿದರು. ಒಂದು ವೃತ್ತ ಚಪ್ಪಟೆಯಾಯಿತು, ಅದು ಅಭಿಧಮನಿ. ಇನ್ನೊಂದು ಒತ್ತಡಕ್ಕೆ ಜಗ್ಗದೆ ಮಿಡಿಯುತ್ತಲೇ ಇತ್ತು. ಅದು ಅಪಧಮನಿ, ಅಲ್ಲಿಗೆ ಸೂಜಿ ಹೋಗಬಾರದು. ಪಕ್ಕದಲ್ಲಿಯೇ ನಿಜವಾದ ನರವೂ ಇರುತ್ತದೆ. ಸೂಜಿಯ ತುದಿ ಬಿಳಿ ಚುಕ್ಕೆಯಾಗಿ ಕಾಣಿಸಿತು. ಒಂದೇ ಸಲಕ್ಕೆ ಕೆಲಸ ಮುಗಿಯಿತು.

ಕಂಡ ಮಾತ್ರಕ್ಕೆ ಸಾಲದು ಎಂಬುದನ್ನೂ ಅವರೇ ಹೇಳಿದರು. ಗಣಿತ ನನ್ನ ವಿಷಯವಲ್ಲ, ಆದರೂ ಲೆಕ್ಕ ಹಾಕಿ. ಅಭಿಧಮನಿ 1.5 ಸೆಂ.ಮೀ. ಆಳದಲ್ಲಿದೆ, ಸೂಜಿ 45 ಡಿಗ್ರಿ ಓರೆಯಲ್ಲಿ ಹೋಗುತ್ತದೆ. ಪೈಥಾಗೊರಸ್ ಪ್ರಕಾರ ಅಲ್ಲಿಗೆ ಮುಟ್ಟಲಿಕ್ಕೇ 2.1 ಸೆಂ.ಮೀ. ಬೇಕು. ವಾರ್ಡಿನ ಗುಲಾಬಿ ಬಣ್ಣದ ಕ್ಯಾನುಲಾ ಸುಮಾರು 3.2 ಸೆಂ.ಮೀ.; ನಾಳದೊಳಗೆ ಉಳಿಯುವುದು 1.1 ಮಾತ್ರ. ರೋಗಿ ಮಗ್ಗುಲು ಬದಲಿಸಿದರೆ ಜಾರಿ ಬರುತ್ತದೆ, ಡ್ರಿಪ್ ನೀರು ಮಾಂಸದೊಳಗೆ ಸೇರಿ ಕೈ ಊದುತ್ತದೆ. ಆದ್ದರಿಂದ ಸುಮಾರು 4.5 ಸೆಂ.ಮೀ. ಉದ್ದದ ಹಸಿರು ಕ್ಯಾನುಲಾ ಹಾಕಿದರು.

ಹಾಗಿದ್ದರೆ ಯಂತ್ರವನ್ನು ಮೊದಲೇ ಏಕೆ ತರಲಿಲ್ಲ? ಸಿಸ್ಟರ್ ಮೇಲೆ ಸಿಟ್ಟಾಗಬೇಡಿ, ನಾನು ಆಗಿ ಪಶ್ಚಾತ್ತಾಪಪಟ್ಟಿದ್ದೇನೆ. ಇದಕ್ಕೆ ತರಬೇತಿ ಬೇಕು, ಯಂತ್ರ ದುಬಾರಿ. ನಮ್ಮ ದೇಶದಲ್ಲಿ ಇನ್ನೊಂದು ಕಾರಣವೂ ಉಂಟು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಂತೆ ಸ್ಕ್ಯಾನಿಂಗ್ ಯಂತ್ರಗಳಿಗೆ ನೋಂದಣಿ, ದಾಖಲೆ, ತಪಾಸಣೆ ಎಲ್ಲವೂ ಇದೆ. ಇರಲೇಬೇಕು. 2023ರಲ್ಲಿ ನಮ್ಮ ಪಕ್ಕದ ಬೈಯಪ್ಪನಹಳ್ಳಿ ಪೊಲೀಸರು ಹೆಣ್ಣು ಭ್ರೂಣಹತ್ಯೆಯ ಜಾಲವನ್ನು ಬಯಲಿಗೆಳೆದಾಗ, ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಯುತ್ತಿತ್ತೆಂದು ಪತ್ರಿಕೆಗಳಲ್ಲಿ ಓದಿದೆವು. ಬೆಲ್ಲ ಮಾಡುವ ಜಾಗದಲ್ಲಿ! ಆದರೆ ಆ ಭಯದಿಂದ ಯಂತ್ರವನ್ನು ಬೀಗ ಹಾಕಿ ಇಡಬೇಕಾಗಿಲ್ಲ. ನೋಂದಾಯಿತ ಆಸ್ಪತ್ರೆಯ ಆವರಣದೊಳಗೆ ಒಳರೋಗಿಗಳಿಗೆ ಸಾಗಿಸಬಲ್ಲ ಯಂತ್ರ ಬಳಸಲು 2012ರ ನಿಯಮವೇ ಅವಕಾಶ ಕೊಟ್ಟಿದೆ.

ಎಲ್ಲರಿಗೂ ಯಂತ್ರ ಬೇಕಿಲ್ಲ. ಸುಲಭವಾಗಿ ಸಿಗುವವರಿಗೆ ಬೆರಳೇ ಸಾಕು. ಆದರೆ ಎರಡು ಪ್ರಯತ್ನ ತಪ್ಪಿದಾಗ "ಅಲ್ಟ್ರಾಸೌಂಡ್ ನೋಡಿ ಹಾಕುವವರು ಇದ್ದಾರೆಯೇ?" ಎಂದು ವಿನಯದಿಂದ ಕೇಳಿ. ನರ್ಸಿಂಗ್ ಓದುವವರು ಕಲಿಸಿಕೊಡಿ ಎಂದು ಹಟ ಹಿಡಿಯಿರಿ.

ಖಾಲಾ ಈಗ ಪರ್ಸಿನಲ್ಲಿ ಒಂದು ಚೀಟಿ ಇಟ್ಟುಕೊಂಡಿದ್ದಾರೆ. ನಾನೇ ಕನ್ನಡದಲ್ಲಿ ಬರೆದುಕೊಟ್ಟದ್ದು: "ನನ್ನ ರಕ್ತನಾಳ ಆಳದಲ್ಲಿದೆ. ಯಂತ್ರದಲ್ಲಿ ನೋಡಿ, ತೋಳಿಗೆ ಉದ್ದನೆಯ ಕ್ಯಾನುಲಾ ಹಾಕಿದ್ದರು." ಕೆಳಗೆ ಉರ್ದುವಿನಲ್ಲೂ ಬರಿ ಎಂದರು. ಆಸ್ಪತ್ರೆಯವರಿಗೆ ಉರ್ದು ಏಕೆ ಎಂದೆ. "ಅವರಿಗಲ್ಲ, ನನಗೆ ಓದಿಕೊಳ್ಳಲು" ಎಂದರು.