ಮಿದುಳಿನೊಳಗಣ ಜಾಡುಗಾರರು

ನಮ್ಮ ಅಣ್ಣನವರು ಕಡಗಂಚಿಯಲ್ಲಿ ಒಕ್ಕಲುತನ ಮಾಡಿಕೊಂಡಿರುವವರು. ತೊಗರಿ ಎಷ್ಟು ಚೀಲ ಬಂತು, ಆಳುಗಳಿಗೆ ಎಷ್ಟು ಕೊಟ್ಟದ್ದಾಯಿತು ಎಂಬುದನ್ನೆಲ್ಲ ನಾಲ್ವತ್ತು ವರ್ಷಗಳಿಂದ ಕೆಂಪು ರಟ್ಟಿನ ಪುಸ್ತಕದಲ್ಲಿ ತಪ್ಪದೆ ಬರೆದಿಡುತ್ತ ಬಂದಿದ್ದಾರೆ. ನಾನು ಮಾಸ್ತರನಾದುದರಿಂದ ಯಾರ ಬರಹ ಕಂಡರೂ ತಿದ್ದುವ ಕಣ್ಣಿನಿಂದಲೇ ನೋಡುವ ಚಾಳಿ. ಒಂದು ದಿನ ಆ ಪುಸ್ತಕ ತೆರೆದು ನೋಡುತ್ತೇನೆ: ಸಾಲಿನ ಮೊದಲಿಗೆ ದುಂಡಗೆ ಹೊರಟ ಅಕ್ಷರ, ಕೊನೆಗೆ ಬರುವಷ್ಟರಲ್ಲಿ ಇರುವೆಯಷ್ಟಾಗಿ ಹೋಗಿದೆ. ಹಿಂದಿನ ವರ್ಷದ ಪುಟಗಳಲ್ಲಿ ಹೀಗಿರಲಿಲ್ಲ. ಅದೇ ದಿನಗಳಲ್ಲಿ ಅವರ ಬಲಗೈ ಸಣ್ಣಗೆ ನಡುಗುವುದೂ ಕಣ್ಣಿಗೆ ಬಿತ್ತು.

ಊರಿನವರು ವಯಸ್ಸೆಂದರು. ನಮ್ಮ ತಂದೆಯವರಿಗೂ ಕೈ ನಡುಗುತ್ತಿದ್ದುದರಿಂದ ಮನೆಯವರು ವಂಶದ ಗುಣವೆಂದರು. ಕಲಬುರ್ಗಿಯ ವೈದ್ಯರು ಮಾತ್ರ ಹಾಗೆ ಸುಲಭವಾಗಿ ಒಪ್ಪಲಿಲ್ಲ. ಕೈನಡುಕದಲ್ಲಿ ಎರಡು ಜಾತಿಗಳುಂಟಂತೆ. ಒಂದು, ಮನೆತನದಲ್ಲಿ ಇಳಿದು ಬರುವ ಬರಿಯ ನಡುಕ. ಲೋಟ ಎತ್ತುವಾಗ ಕಾಡುವುದು. ಇನ್ನೊಂದು ಪಾರ್ಕಿನ್ಸನ್ ರೋಗ. ಮಿದುಳಿನ ಆಳದಲ್ಲಿ ಡೋಪಮಿನ್ ಎಂಬ ರಸವನ್ನು ತಯಾರಿಸುವ ಜೀವಕೋಶಗಳು ಒಂದೊಂದಾಗಿ ಅಳಿಯುವುದು. ಇವೆರಡಕ್ಕೂ ಮದ್ದು ಬೇರೆ, ಮುಂದಿನ ದಾರಿಯೂ ಬೇರೆ. ಆದರೆ ಮೊದಮೊದಲಲ್ಲಿ ಇದು ಅದೋ ಇದೋ ಎಂದು ಹೇಳುವುದು ನುರಿತವರಿಗೂ ಕಷ್ಟ. ತಲೆಯ ಸಿ.ಟಿ. ಚಿತ್ರ ತೆಗೆಸಿದ್ದಾಯಿತು, ಅದರಲ್ಲಿ ಏನೂ ಕಾಣಲಿಲ್ಲ. ಮನೆಯ ಗೋಡೆ, ತೊಲೆ, ಕಂಬ ಎಲ್ಲ ಸರಿಯಾಗಿವೆ ಎಂದಷ್ಟೇ ಅದು ಹೇಳಬಲ್ಲುದು. ಒಳಗೆ ಒಲೆ ಉರಿಯುತ್ತಿದೆಯೆ ಎಂಬುದು ಅದಕ್ಕೆ ತಿಳಿಯದು. ಕಡೆಗೆ ವೈದ್ಯರು, ವಿಕಿರಣ ಬೀರುವ ಔಷಧಿಯನ್ನು ರಕ್ತನಾಳಕ್ಕೆ ಚುಚ್ಚಿ ತೆಗೆಯುವ ಇನ್ನೊಂದು ಚಿತ್ರವುಂಟೆಂದೂ, ಬೆಂಗಳೂರಿಗೆ ಹೋಗಿ ಅದನ್ನು ಮಾಡಿಸಬಹುದೆಂದೂ ಹೇಳಿದರು.

ಮನೆಯಲ್ಲಿ ಗಾಬರಿಯಾಯಿತು. ಇದೇನು, ಅಣುಬಾಂಬಿನ ಸಂಬಂಧಿಕನನ್ನು ತಲೆಯೊಳಕ್ಕೆ ಬಿಟ್ಟುಕೊಳ್ಳುವುದೆ? ನಾನು ಷಟ್ಪದಿಗೆ ಪ್ರಸ್ತಾರ ಹಾಕಿಕೊಂಡು ಬಂದ ಪಂಡಿತ. ಪರಮಾಣುವಿನ ವಿಷಯ ನನಗೇನು ಗೊತ್ತು? ೨೦೦೯ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯ ಈಗ ನಮ್ಮೂರಿನ ಬಳಿಯಲ್ಲೇ ಇದೆ. ಅಲ್ಲಿ ರಸಾಯನಶಾಸ್ತ್ರ ಓದುತ್ತಿದ್ದ ಹಳೆಯ ಶಿಷ್ಯನೊಬ್ಬನನ್ನು ಹಿಡಿದೆ. ಅವನು ಹೇಳಿದ್ದು ಅರ್ಧ, ನಾನು ಓದಿಕೊಂಡದ್ದು ಅರ್ಧ.

ಇಂಥ ಔಷಧಿಗೆ ಇಂಗ್ಲಿಷಿನಲ್ಲಿ ಟ್ರೇಸರ್ ಎಂದು ಹೆಸರು. ನಾನು ಜಾಡುಗಾರ ಎನ್ನುತ್ತೇನೆ. ಹೋದ ದಾರಿಯ ಜಾಡನ್ನು ತೋರಿಸುವವನು. ಈ ಯುಕ್ತಿಯನ್ನು ಮೊದಲು ಕಂಡವರು ಹಂಗೇರಿಯ ಜಾರ್ಜ್ ಡಿ ಹೆವೆಶಿ. ೧೯೧೧ರ ಸುಮಾರಿಗೆ ಮ್ಯಾಂಚೆಸ್ಟರಿನಲ್ಲಿದ್ದಾಗ, ಊಟದ ಮನೆಯೊಡತಿ ತಟ್ಟೆಯಲ್ಲಿ ಉಳಿದುದನ್ನೇ ಮರುದಿನಗಳ ಅಡುಗೆಗೆ ಸೇರಿಸುತ್ತಾಳೆಂದು ಅವರಿಗೆ ಗುಮಾನಿ. ಆಕೆ ಒಪ್ಪಳು. ಇವರು ತಮ್ಮ ಎಂಜಲಿಗೆ ವಿಕಿರಣ ವಸ್ತುವನ್ನು ಚಿಟಿಕೆಯಷ್ಟು ಬೆರೆಸಿ ಬಿಟ್ಟರು. ಕೆಲವು ದಿನಗಳ ಮೇಲೆ ಬಡಿಸಿದ ಅಡುಗೆಯ ಬಳಿ ಉಪಕರಣ ಹಿಡಿದರೆ, ಅದು ಸಾಕ್ಷಿ ನುಡಿಯಿತು! ಮುಂದೆ ೧೯೨೩ರಲ್ಲಿ ಅವರು ಇದೇ ಉಪಾಯದಿಂದ ಅವರೆಯ ಬಳಗದ ಗಿಡವೊಂದರ ಬೇರಿನಿಂದ ಎಲೆಗೆ ಸೀಸ ಹೇಗೆ ಏರುವುದೆಂಬುದನ್ನು ತೋರಿಸಿದರು. ೧೯೪೩ನೆಯ ಸಾಲಿನ ನೊಬೆಲ್ ಬಹುಮಾನ ಅವರಿಗೆ ಬಂತು.

ಮಿದುಳಿಗೆ ಈ ಉಪಾಯ ಒಗ್ಗಿದ್ದು ಸಕ್ಕರೆಯ ಮೂಲಕ. ದೇಹದ ತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ ಎರಡು ಮಾತ್ರ. ಆದರೆ ಸುಮ್ಮನೆ ಕುಳಿತಾಗಲೂ ದೇಹದ ಶಕ್ತಿಯಲ್ಲಿ ಐದನೆಯ ಒಂದು ಪಾಲನ್ನು ಅದೇ ಉಣ್ಣುತ್ತದೆ. ಗ್ಲೂಕೋಸ್ ಸಕ್ಕರೆಯೇ ಅದರ ಮುಖ್ಯ ಅನ್ನ. ಅಮೆರಿಕದ ಲೂಯಿ ಸೊಕೊಲೋಫ್ ಮತ್ತು ಸಂಗಡಿಗರು ಬಳಸಿದ್ದು ಒಂದು ಕಳ್ಳಸಕ್ಕರೆ. ಗ್ಲೂಕೋಸಿನಂತೆಯೇ ತೋರುವುದು, ಒಂದು ಆಮ್ಲಜನಕ ಪರಮಾಣು ಮಾತ್ರ ಕಡಿಮೆ. ಜೀವಕೋಶ ಮೋಸಹೋಗಿ ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಅರಗಿಸಲು ಮೊದಲ ಹೆಜ್ಜೆ ಇಡುತ್ತದೆ. ಮುಂದಕ್ಕೆ ಸಾಗದು, ಹೊರಕ್ಕೂ ಬಾರದು, ಅಲ್ಲೇ ಸಿಕ್ಕಿಬೀಳುತ್ತದೆ. ಅದಕ್ಕೆ ಫ್ಲೋರಿನ್-೧೮ ಎಂಬ ವಿಕಿರಣ ಪರಮಾಣುವನ್ನು ಅಂಟಿಸಿದರೆ, ಎಲ್ಲಿ ಹೆಚ್ಚು ಉಣ್ಣುತ್ತಿದೆಯೋ ಅಲ್ಲಿಂದ ಹೆಚ್ಚು ಕಿರಣ. ಸಂಜೆ ಗುಡ್ಡದ ಮೇಲೆ ನಿಂತು, ಯಾವ ಮನೆಯ ಮಾಳಿಗೆಯಿಂದ ಹೊಗೆ ಏಳುತ್ತಿದೆ ಎಂದು ನೋಡಿ ಯಾರ ಮನೆಯಲ್ಲಿ ರೊಟ್ಟಿ ಬೇಯುತ್ತಿದೆ ಎಂದು ಹೇಳುವುದಿಲ್ಲವೆ, ಹಾಗೆ.

ಆ ಫ್ಲೋರಿನ್ ಹೊರಹಾಕುವ ಪಾಸಿಟ್ರಾನ್ ಕಣ ಪಕ್ಕದ ಎಲೆಕ್ಟ್ರಾನನ್ನು ಕೂಡಿದೊಡನೆ ಎರಡೂ ಇಲ್ಲವಾಗಿ, ಒಂದಕ್ಕೊಂದು ಬೆನ್ನು ಮಾಡಿ ಎರಡು ಗಾಮಾ ಕಿರಣಗಳು ಹೊರಡುತ್ತವೆ. ತಲೆಯ ಸುತ್ತಲಿನ ಬಳೆಯಂಥ ಯಂತ್ರ ಆ ಎರಡನ್ನೂ ಏಕಕಾಲಕ್ಕೆ ಹಿಡಿದು, ನಡುವೆ ಗೆರೆ ಎಳೆಯುತ್ತದೆ. ಇಂಥ ಲಕ್ಷಾಂತರ ಗೆರೆಗಳನ್ನು ಕೂಡಿಸಿ ಲೆಕ್ಕ ಹಾಕಿದರೆ ಚಿತ್ರ. ಇದೇ ಪೆಟ್ ಎಂಬುದು. ಬ್ರೂಕ್‌ಹೇವನ್‌ನ ಪ್ರಯೋಗಶಾಲೆಯಲ್ಲಿ ತಾತ್ಸುವೊ ಇಡೊ, ಆಲ್ಫ್ರೆಡ್ ವುಲ್ಫ್, ಜೊಅನ್ನಾ ಫೌಲರ್ ಮೊದಲಾದವರು ಆ ಸಕ್ಕರೆಯನ್ನು ಸಿದ್ಧಪಡಿಸಿದರು. ೧೯೭೬ರ ಆಗಸ್ಟಿನಲ್ಲಿ ಅದನ್ನು ವಿಮಾನದಲ್ಲಿ ಫಿಲಡೆಲ್ಫಿಯಕ್ಕೆ ಒಯ್ದು ಮೊದಲ ಬಾರಿಗೆ ಮನುಷ್ಯರಿಗೆ ಚುಚ್ಚಿದರು.

ವಿಮಾನ ಏಕೆ ಎನ್ನುವಿರಾ? ಈ ವಸ್ತುವಿನ ದೊಡ್ಡ ಕಷ್ಟವೇ ಅದು. ಫ್ಲೋರಿನ್-೧೮ ಪ್ರತಿ ೧೧೦ ನಿಮಿಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಸೈಕ್ಲೋಟ್ರಾನ್ ಎಂಬ ಯಂತ್ರದಲ್ಲಿ ವಿಶೇಷವಾದ ನೀರಿಗೆ ಪ್ರೋಟಾನ್ ಕಣಗಳನ್ನು ಹೊಡೆದು ಅದನ್ನು ಹುಟ್ಟಿಸಬೇಕು. ಸೀಸದ ಗೂಡಿನೊಳಗೆ ಸಕ್ಕರೆಗೆ ಸೇರಿಸಬೇಕು. ಶೋಧಿಸಿ, ಪರೀಕ್ಷಿಸಿ, ಓಡಬೇಕು. ನಮ್ಮ ದೇಶದ ಮೊದಲ ವೈದ್ಯಕೀಯ ಸೈಕ್ಲೋಟ್ರಾನ್ ಮುಂಬಯಿಯ ಪರೇಲಿನಲ್ಲಿ ನಡೆಯತೊಡಗಿದ್ದು ೨೦೦೨ರಲ್ಲಿ. ಬೆಂಗಳೂರಿನಲ್ಲಿಯೂ ಈಗ ಅವುಂಟು. ಅಲ್ಲಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಪೆಟ್ ಮತ್ತು ಎಂ.ಆರ್.ಐ. ಎರಡನ್ನೂ ಒಟ್ಟಿಗೆ ತೆಗೆಯುವ ಯಂತ್ರವೂ ಇದೆ. ಆದರೆ ಬೆಂಗಳೂರಿನಿಂದ ಹೊರಟ ಪೆಟ್ಟಿಗೆ ಮೋಟಾರಿನಲ್ಲಿ ಹನ್ನೊಂದು ಗಂಟೆ ಕಳೆದು ಕಡಗಂಚಿ ಮುಟ್ಟಿತೆನ್ನಿ. ಅಷ್ಟರಲ್ಲಿ ಆರು ಸಲ ಅರ್ಧಕ್ಕಿಳಿದು, ಅರವತ್ತನಾಲ್ಕರಲ್ಲಿ ಒಂದು ಪಾಲು ಉಳಿದೀತು. ಕಾರ್ಬನ್-೧೧ ಎಂಬುದಕ್ಕಂತೂ ಇಪ್ಪತ್ತೇ ನಿಮಿಷ. ಅದು ಊರು ಬಿಟ್ಟು ಬರುವುದೇ ಇಲ್ಲ.

ಸಮಯವೊಂದೇ ತೊಡಕಲ್ಲ. ಮಿದುಳಿಗೂ ರಕ್ತಕ್ಕೂ ನಡುವೆ ಬಲವಾದ ಕೋಟೆಗೋಡೆಯಿದೆ. ಸಣ್ಣದಾಗಿ, ಕೊಂಚ ಜಿಡ್ಡಿನ ಸ್ವಭಾವದ್ದಾಗಿ, ವಿದ್ಯುದಂಶವಿಲ್ಲದ್ದಾಗಿರುವ ಅಣುವಿಗೆ ಮಾತ್ರ ಸುಲಭವಾಗಿ ಪ್ರವೇಶ. ಒಳಹೊಕ್ಕ ಮೇಲೆ ಬೇಕಾದುದಕ್ಕೆ ಮಾತ್ರ ಅಂಟಬೇಕು, ಬೇಡವಾದೆಡೆಯಿಂದ ಬೇಗ ತೊಳೆದುಹೋಗಬೇಕು. ಹೊಸ ಜಾಡುಗಾರನನ್ನು ಹುಡುಕುವವರ ವರ್ಷಗಳು ಸವೆಯುವುದು ಇಲ್ಲೇ. ಮರೆವಿನ ರೋಗದಲ್ಲಿ ಮಿದುಳಿನಲ್ಲಿ ಗಂಟುಕಟ್ಟುವ ಅಮಿಲಾಯ್ಡನ್ನು ಖಚಿತವಾಗಿ ಕಾಣಬೇಕಾದರೆ ಹಿಂದೆ ರೋಗಿ ಸತ್ತ ಮೇಲೆ ಮಿದುಳನ್ನು ಕೊಯ್ದು, ಬಣ್ಣ ಹಾಕಿ ನೋಡಬೇಕಾಗುತ್ತಿತ್ತು. ಪಿಟ್ಸ್‌ಬರ್ಗಿನ ವಿಲಿಯಂ ಕ್ಲಂಕ್ ಮತ್ತು ಚೆಸ್ಟರ್ ಮಥಿಸ್ ಅಂಥ ಬಣ್ಣವೊಂದರ ವಿದ್ಯುದಂಶ ಕಳೆದು, ಕಾರ್ಬನ್-೧೧ ಜೋಡಿಸಿದರು. ೨೦೦೨ರಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿ ಬದುಕಿರುವ ರೋಗಿಯ ಮಿದುಳಿನಲ್ಲೇ ಆ ಗಂಟುಗಳು ಕಂಡವು. ಗಂಟು ಇದ್ದೂ ನೆನಪು ಚೊಕ್ಕವಾಗಿರುವ ಮುದುಕರೂ ಉಂಟೆಂಬುದನ್ನು ಇಲ್ಲಿ ಹೇಳದೆ ಬಿಡಲಾಗದು.

ದೂರದ ಊರಿನವರಾದ ನಮಗೆ ಸಮಾಧಾನ ಹೇಳುವುದು ಇನ್ನೊಂದು ಜಾತಿಯ ವಸ್ತು, ಟೆಕ್ನೀಶಿಯಂ. ಇದರ ಅರ್ಧಾಯುಷ್ಯವೂ ಆರೇ ಗಂಟೆ. ಆದರೆ ಇದರ ತಾಯಿ ಮಾಲಿಬ್ಡಿನಂಗೆ ಅರವತ್ತಾರು ಗಂಟೆ. ತಾಯಿಯನ್ನು ಸೀಸದ ಕವಚದ ಪಾತ್ರೆಯಲ್ಲಿಟ್ಟು ಕಳುಹಿಸಿದರೆ, ರಾತ್ರಿಯ ರೈಲಿನಲ್ಲಿ ಮುಂಬಯಿಯಿಂದ ಕಲಬುರ್ಗಿಗೆ ಬಂದರೂ ಹತ್ತರಲ್ಲಿ ಎಂಟು ಪಾಲಿಗೂ ಮೇಲ್ಪಟ್ಟು ಉಳಿದಿರುತ್ತದೆ. ಆಸ್ಪತ್ರೆಯವರು ದಿನಾ ಬೆಳಿಗ್ಗೆ ಉಪ್ಪುನೀರು ಹಾಯಿಸಿ ಟೆಕ್ನೀಶಿಯಂ ಇಳಿಸಿಕೊಳ್ಳುತ್ತಾರೆ. ಮರುದಿನಕ್ಕೆ ಮತ್ತೆ ಕೂಡಿರುತ್ತದೆ. ವಿಜ್ಞಾನಿಗಳೇ ಆ ಪಾತ್ರೆಗೆ ಹಸು ಎಂದೂ ಇಳಿಸುವುದಕ್ಕೆ ಹಾಲು ಕರೆಯುವುದೆಂದೂ ಹೆಸರಿಟ್ಟಿದ್ದಾರೆ. ಈ ಮಾತನ್ನು ಕೇಳಿದ ಮೇಲೆಯೇ ಅತ್ತಿಗೆಯವರಿಗೆ ಧೈರ್ಯ ಬಂದದ್ದು. ಟ್ರಾಂಬೆಯಲ್ಲಿ ೧೯೫೬ರ ಆಗಸ್ಟ್ ೪ರಂದು ಅಪ್ಸರಾ ರಿಯಾಕ್ಟರ್ ನಡೆಯತೊಡಗಿದ ಮೇಲೆ ನಮ್ಮಲ್ಲಿ ಬೆಳೆದುಬಂದ ವಿದ್ಯೆಯ ಒಂದು ಕವಲು ಇದು; ಈಗ ನವಿ ಮುಂಬಯಿಯ ವಾಶಿಯಿಂದ ಬ್ರಿಟ್ ಸಂಸ್ಥೆ ಇಂಥ ಹಸುಗಳನ್ನು ಆಸ್ಪತ್ರೆಗಳಿಗೆ ಒದಗಿಸುತ್ತದೆ.

ಟೆಕ್ನೀಶಿಯಂ ಲೋಹ, ಕೋಟೆಯೊಳಗೆ ಸುಲಭವಾಗಿ ನುಗ್ಗದು. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಹ್ಯಾಂಕ್ ಕುಂಗ್ ಮತ್ತು ಸಂಗಡಿಗರು ಅದನ್ನು ಪುಟ್ಟ ಪಂಜರದಲ್ಲಿ ಕೂಡಿಸಿ, ಕೊಕೇನಿನ ದಾಯಾದಿಯಾದ ಒಂದು ಅಣುವಿಗೆ ಕಟ್ಟಿದರು. ೧೯೯೬ರಲ್ಲಿ ಮನುಷ್ಯನ ಮಿದುಳಿನಲ್ಲಿ ಅದು ಕೆಲಸ ಮಾಡಿದುದು ಕಂಡಿತು. ಟ್ರೋಡ್ಯಾಟ್ ಎಂದು ಅದರ ಹೆಸರು. ಡೋಪಮಿನ್ ಜೀವಕೋಶಗಳ ತುದಿಗಳಿಗೆ ಹೋಗಿ ಅಂಟುವುದು ಅದರ ಕೆಲಸ. ಅಣ್ಣನವರಿಗೆ ಚುಚ್ಚಿದ್ದು ಇದನ್ನೇ. ತೂಕದಲ್ಲಿ ಲೆಕ್ಕಕ್ಕೆ ಬಾರದಷ್ಟು. ಎರಡು ದಿನ ಕಳೆದರೆ ವಿಕಿರಣ ಇಲ್ಲವೆಂದೇ ಹೇಳಬೇಕು. ಆ ದಿನ ಮಾತ್ರ ಹಸುಗೂಸುಗಳನ್ನು ಎತ್ತಿಕೊಳ್ಳಬೇಡಿರೆಂದರು.

ಮೂರು ನಾಲ್ಕು ಗಂಟೆ ಕಾದ ಮೇಲೆ ಚಿತ್ರ ತೆಗೆದರು. ಸರಿಯಾದ ಮಿದುಳಿನಲ್ಲಿ ಎಡಕ್ಕೊಂದು ಬಲಕ್ಕೊಂದು ಅಲ್ಪವಿರಾಮದ ಚಿಹ್ನೆ ಬೆಳಗುತ್ತದೆ: ಒಂದು ತಲೆ, ಒಂದು ಬಾಲ. ಪಾರ್ಕಿನ್ಸನ್ ರೋಗದಲ್ಲಿ ಬಾಲ ಮೊದಲು ಅಳಿದು ದುಂಡಗಿನ ಚುಕ್ಕೆ ಉಳಿಯುತ್ತದೆ. ಅಲ್ಪವಿರಾಮ ಹೋಗಿ ಪೂರ್ಣವಿರಾಮವಾಯಿತೆಂದು ವೈದ್ಯರೂ ಹೀಗೆಯೇ ಹೇಳುತ್ತಾರೆಂದು ಕೇಳಿ, ವ್ಯಾಕರಣ ಕಲಿಸುವವನಿಗೆ ಮೈ ಜುಮ್ಮೆಂದಿತು. ಅಣ್ಣನವರ ಚಿತ್ರದಲ್ಲಿ ಎಡಗಡೆಯದು ಪೂರ್ಣವಿರಾಮವಾಗಿತ್ತು. ಬಲಗೈಯ ಯಜಮಾನಿಕೆ ಮಿದುಳಿನ ಎಡಭಾಗದ್ದಲ್ಲವೆ? ಬಲಗಡೆಯದಕ್ಕೆ ಇನ್ನೂ ಮೋಟುಬಾಲವಿತ್ತು. ಅಂದರೆ ಬರಿಯ ನಡುಕವಲ್ಲ, ಪಾರ್ಕಿನ್ಸನ್ನೇ. ನಾನು ಹೇಗೆ ಹೇಳಲೆಂದು ತಡವರಿಸುತ್ತಿದ್ದಾಗ ಅವರೇ ಚಿತ್ರವನ್ನು ಬೆಳಕಿಗೆ ಹಿಡಿದು, “ತಮ್ಮಾ, ಈ ಕಡೀದು ಇನ್ನಾ ಅದ ಅಲ್ಲೇನು?” ಎಂದರು.

ಚಿತ್ರದಿಂದ ರೋಗ ವಾಸಿಯಾಗುವುದಿಲ್ಲ. ಯಾವ ಮದ್ದೆಂಬುದು ಗೊತ್ತಾಯಿತು, ಅಷ್ಟೆ. ದಿನಕ್ಕೆ ಮೂರು ಗುಳಿಗೆ. ಆ ವರ್ಷದ ತೊಗರಿ ರಾಶಿಯ ಲೆಕ್ಕವನ್ನು ಅವರೇ ಬರೆದರು. ಸಾಲಿನ ಕೊನೆಗೆ ಅಕ್ಷರ ಈಗಲೂ ಸಣ್ಣದಾಗುತ್ತದೆ. ಕನ್ನಡಕ ಹಾಕಿಕೊಂಡರೆ ಓದಲು ಬರುತ್ತದೆ.