ದೋಸೆ ಹಿಟ್ಟು, ವದಂತಿ ಮತ್ತು ನಮ್ಮ ಯುವಕರು

(ಯುವಜನರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



 ದುಡಿಮೆ, ಸಾಮಾಜಿಕ ಜಾಲತಾಣ ಮತ್ತು ಸಮಾಜ ಎಂಬ ವಿಷಯದ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಸೂಚಿಸಿದ್ದಾರೆ. ಇವು ಮೂರು ಬೇರೆ ಬೇರೆ ವಿಷಯಗಳಂತೆ ಕಂಡರೂ ಇಂದಿನ ಯುವಕನ ಬದುಕಿನಲ್ಲಿ ಒಂದರೊಳಗೊಂದು ಹೆಣೆದುಕೊಂಡಿವೆ. ಅಂಗಡಿಯ ಬಾಗಿಲು ತೆರೆಯುವ ಮುನ್ನವೇ ಅವನ ಕೈಯಲ್ಲಿ ಮೊಬೈಲ್ ತೆರೆದಿರುತ್ತದೆ. ಅದರಲ್ಲಿ ಹರಿದಾಡುವ ಒಂದು ಸಂದೇಶವು ಅವನ ಅಂಗಡಿಗೆ ಗಿರಾಕಿಗಳನ್ನು ತರಲೂಬಹುದು, ಇದ್ದವರನ್ನು ಓಡಿಸಲೂಬಹುದು. ಆದ್ದರಿಂದ ಬರೀ ಉಪದೇಶದ ಬದಲು ಒಂದು ಉದಾಹರಣೆಯನ್ನು ಮುಂದಿಟ್ಟುಕೊಂಡು ವಿಚಾರ ಮಾಡುವುದು ಲೇಸೆಂದು ಭಾವಿಸುತ್ತೇವೆ.

ಕೇರಳದ ವಯನಾಡಿನ ಚೆನ್ನಲೋಡು ಎಂಬ ಹಳ್ಳಿಯಲ್ಲಿ ಕೂಲಿ ಕಾರ್ಮಿಕರೊಬ್ಬರ ಮಗನಾಗಿ ಹುಟ್ಟಿದ ಪಿ.ಸಿ. ಮುಸ್ತಫಾ ಆರನೆಯ ತರಗತಿಯಲ್ಲಿ ಅನುತ್ತೀರ್ಣರಾಗಿದ್ದರು. ಓದು ಬಿಟ್ಟು ತಂದೆಯ ಜೊತೆ ಕೂಲಿಗೆ ಹೋಗಲಿದ್ದ ಆ ಹುಡುಗನನ್ನು ಗಣಿತದ ಅಧ್ಯಾಪಕರೊಬ್ಬರು ಮರಳಿ ಶಾಲೆಗೆ ಕರೆತಂದರು. ಮುಂದೆ ಅವರು ಕಲ್ಲಿಕೋಟೆಯ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದರು. ವಿದೇಶಗಳಲ್ಲಿ ದುಡಿದರು. ದುಬೈಯ ಬ್ಯಾಂಕ್ ಉದ್ಯೋಗವನ್ನು ತೊರೆದು ಬೆಂಗಳೂರಿಗೆ ಮರಳಿದರು. ಅಲ್ಲಿ ಅವರ ಸೋದರ ಸಂಬಂಧಿಗಳು ಚಿಕ್ಕ ದಿನಸಿ ಅಂಗಡಿ ನಡೆಸುತ್ತಿದ್ದರು. ರಬ್ಬರ್ ಬ್ಯಾಂಡ್ ಬಿಗಿದ ಪ್ಲಾಸ್ಟಿಕ್ ಚೀಲಗಳಲ್ಲಿ ಮಾರಾಟಕ್ಕೆ ಬರುತ್ತಿದ್ದ ದೋಸೆ ಹಿಟ್ಟಿನ ಬಗ್ಗೆ ಗಿರಾಕಿಗಳು ದೂರುತ್ತಿದ್ದುದನ್ನು ಅವರಲ್ಲೊಬ್ಬರು ಗಮನಿಸಿದರು. ಆ ದೂರಿನಿಂದಲೇ ಒಂದು ಉದ್ಯಮ ಹುಟ್ಟಿತು. 2005ರಲ್ಲಿ ಕೇವಲ 50 ಚದರ ಅಡಿಯ ಕೋಣೆಯಲ್ಲಿ, ಸುಮಾರು 20 ಅಂಗಡಿಗಳಿಗೆ ಹಿಟ್ಟು ಪೂರೈಸುವುದರೊಂದಿಗೆ 'ಐಡಿ ಫ್ರೆಶ್ ಫುಡ್' ಆರಂಭವಾಯಿತು. ಇಡ್ಲಿಯ 'ಐ' ಮತ್ತು ದೋಸೆಯ 'ಡಿ' ಸೇರಿ ಆ ಹೆಸರು ಬಂತು. ದಿನಕ್ಕೆ 100 ಪೊಟ್ಟಣ ಮಾರಾಟವಾಗುವ ಮಟ್ಟಕ್ಕೆ ಬರಲು ಅವರಿಗೆ ಒಂಬತ್ತು ತಿಂಗಳು ಹಿಡಿಯಿತು.

ಸಹೋದರರೇ, ಈ ಒಂಬತ್ತು ತಿಂಗಳುಗಳ ಬಗ್ಗೆ ನಾವು ಸ್ವಲ್ಪ ಯೋಚಿಸಬೇಕು. ಯಶಸ್ವಿಯಾದವರ ಕತೆಯನ್ನು ಮೂವತ್ತು ಸೆಕೆಂಡುಗಳ ರೀಲ್‌ನಲ್ಲಿ ನೋಡುವ ನಮ್ಮ ಮಕ್ಕಳಿಗೆ ಕಾಣುವುದು ಆರಂಭದ ಬಡತನ ಮತ್ತು ಕೊನೆಯ ಕೋಟಿಗಳು ಮಾತ್ರ. ನಡುವಿನ ದುಡಿಮೆ ಅದರಲ್ಲಿ ಕಾಣುವುದಿಲ್ಲ. ಅಕ್ಕಿ ತೊಳೆದದ್ದು, ಉದ್ದು ನೆನೆಸಿದ್ದು, ಮಾರಾಟವಾಗದೆ ಉಳಿದ ಪೊಟ್ಟಣಗಳನ್ನು ಅಂಗಡಿಯಿಂದ ಮರಳಿ ತಂದದ್ದು ಯಾವ ರೀಲ್‌ಗೂ ವಸ್ತುವಾಗುವುದಿಲ್ಲ. ಇದರ ಫಲವಾಗಿ, ಮೂರು ತಿಂಗಳಲ್ಲಿ ಲಾಭ ಕಾಣದಿದ್ದರೆ ಅಂಗಡಿಗೆ ಬೀಗ ಹಾಕಿ ಮತ್ತೆ ಗಲ್ಫ್ ವೀಸಾಕ್ಕಾಗಿ ಅಲೆಯುವ ಯುವಕರನ್ನು ನಾವು ಪ್ರತಿಯೊಂದು ಊರಿನಲ್ಲೂ ಕಾಣುತ್ತಿದ್ದೇವೆ.

ಇನ್ನೊಂದು ವಿಷಯವಿದೆ. ಆ ಕಂಪೆನಿಯಲ್ಲಿ 2014ರಲ್ಲಿ ಹೀಲಿಯನ್ ವೆಂಚರ್ ಪಾರ್ಟ್‌ನರ್ಸ್ ಸಂಸ್ಥೆಯು 35 ಕೋಟಿ ರೂಪಾಯಿ ಹೂಡಿತು. 2017ರಲ್ಲಿ ಅಝೀಮ್ ಪ್ರೇಮ್‌ಜಿಯವರ ಹೂಡಿಕೆ ಸಂಸ್ಥೆಯೂ ಬಂಡವಾಳ ತೊಡಗಿಸಿತು. ಇವು ಬಡ್ಡಿಯ ಸಾಲವಲ್ಲ, ಲಾಭ ನಷ್ಟಗಳೆರಡರಲ್ಲೂ ಪಾಲುಗೊಳ್ಳುವ ಬಂಡವಾಳ. ಒಬ್ಬನ ಹಣ, ಇನ್ನೊಬ್ಬನ ದುಡಿಮೆ, ಇಬ್ಬರಿಗೂ ಪಾಲು ಎಂಬ ತತ್ವವು ಇಸ್ಲಾಮಿನ ಆರ್ಥಿಕ ಚಿಂತನೆಯಲ್ಲಿ ಮುದಾರಬ, ಮುಶಾರಕ ಎಂಬ ಹೆಸರುಗಳಲ್ಲಿ ಶತಮಾನಗಳಿಂದಲೂ ಇದೆ. ಆದರೆ ನಮ್ಮ ಮೊಹಲ್ಲಾಗಳಲ್ಲಿ ನಡೆಯುತ್ತಿರುವುದೇನು? ಮದುವೆಯ ಹಾಲ್‌ಗೆ ಮತ್ತು ಬಂಗಾರಕ್ಕೆ ಲಕ್ಷಗಟ್ಟಲೆ ಸುರಿಯುವ ಶ್ರೀಮಂತರು ಪಕ್ಕದ ಮನೆಯ ಯುವಕನ ವ್ಯಾಪಾರದಲ್ಲಿ ಪಾಲುದಾರರಾಗಲು ಮುಂದೆ ಬರುವುದಿಲ್ಲ. ಅವನು ಅನಿವಾರ್ಯವಾಗಿ ಮೀಟರ್ ಬಡ್ಡಿಯವರ ಬಾಗಿಲಿಗೆ ಹೋಗುತ್ತಾನೆ. ಆಮೇಲೆ ನಾವೇ ಜುಮಾದ ಪ್ರವಚನದಲ್ಲಿ ಬಡ್ಡಿಯ ವಿರುದ್ಧ ಮಾತನಾಡುತ್ತೇವೆ!

ಈಗ ಜಾಲತಾಣದ ವಿಷಯಕ್ಕೆ ಬರೋಣ. 2021ರ ಸೆಪ್ಟೆಂಬರ್‌ನಲ್ಲಿ ಇದೇ ದೋಸೆ ಹಿಟ್ಟಿನ ವಿರುದ್ಧ ವಾಟ್ಸಾಪ್ ಮತ್ತಿತರ ಜಾಲತಾಣಗಳಲ್ಲಿ ಒಂದು ಸುಳ್ಳು ಹರಡಿತು. ಹಿಟ್ಟಿಗೆ ದನದ ಮೂಳೆಯನ್ನು ಬೆರೆಸಲಾಗುತ್ತದೆ, ಅಲ್ಲಿ ಮುಸ್ಲಿಮರಿಗೆ ಮಾತ್ರ ಕೆಲಸ ಕೊಡಲಾಗುತ್ತದೆ ಎಂಬುದು ಅದರ ಸಾರ. ತಮ್ಮ ಹಿಟ್ಟಿನಲ್ಲಿ ಸಸ್ಯಮೂಲದ ಪದಾರ್ಥಗಳ ಹೊರತು ಬೇರೇನೂ ಇಲ್ಲವೆಂದು ಕಂಪೆನಿಯು ಬಹಿರಂಗ ಸ್ಪಷ್ಟನೆ ನೀಡಬೇಕಾಯಿತು. ಯೋಚಿಸಿ ನೋಡಿ. ಅಕ್ಕಿ, ಉದ್ದು, ಮೆಂತ್ಯ ಮತ್ತು ನೀರು ಸೇರಿದರೆ ದೋಸೆ ಹಿಟ್ಟು ಎಂಬುದು ದಕ್ಷಿಣ ಭಾರತದ ಪ್ರತಿಯೊಬ್ಬ ತಾಯಿಗೂ ಗೊತ್ತು. ಅದಕ್ಕೆ ಮೂಳೆಯ ಅಗತ್ಯವೇ ಇಲ್ಲ. ಹಾಗಿದ್ದೂ ಆ ಸುಳ್ಳು ಓಡಿತು. ಏಕೆಂದರೆ ಅದು ಹಿಟ್ಟಿನ ಬಗ್ಗೆ ಹೇಳಿದ ಸುಳ್ಳಾಗಿರಲಿಲ್ಲ, ಹಿಟ್ಟು ಮಾರುವವನ ಹೆಸರಿನ ಬಗ್ಗೆ ಹೇಳಿದ ಸುಳ್ಳಾಗಿತ್ತು.

ಇಂಥ ವದಂತಿಯ ಸ್ವಭಾವವನ್ನು ನಾವು ಅರಿತುಕೊಳ್ಳಬೇಕು. ಗಿರಾಕಿಯು ಅಂಗಡಿಗೆ ಬಂದು ಜಗಳವಾಡುವುದಿಲ್ಲ. ಪ್ರಶ್ನೆಯನ್ನೂ ಕೇಳುವುದಿಲ್ಲ. ಸುಮ್ಮನೆ ಪಕ್ಕದ ಪೊಟ್ಟಣವನ್ನು ಎತ್ತಿಕೊಂಡು ಹೋಗುತ್ತಾನೆ. ಆದ ನಷ್ಟಕ್ಕೆ ಸಾಕ್ಷಿಯಿಲ್ಲ. ದೊಡ್ಡ ಕಂಪೆನಿಗೆ ವಕೀಲರಿದ್ದಾರೆ, ಜಾಹೀರಾತಿಗೆ ಹಣವಿದೆ, ಅದರ ಸ್ಪಷ್ಟನೆಯನ್ನು ಪತ್ರಿಕೆಗಳು ಪ್ರಕಟಿಸುತ್ತವೆ. ತಳ್ಳುಗಾಡಿಯವನಿಗೆ ಇವುಗಳಲ್ಲಿ ಯಾವುದಿದೆ? 2020ರ ಏಪ್ರಿಲ್‌ನಲ್ಲಿ ಕೊರೋನ ಹರಡುವವರೆಂಬ ಹಣೆಪಟ್ಟಿ ಹಚ್ಚಿ ದೇಶದ ಹಲವೆಡೆ ಮುಸ್ಲಿಮ್ ತರಕಾರಿ ವ್ಯಾಪಾರಿಗಳನ್ನು ಬೀದಿಗಳಿಂದ ಓಡಿಸಲಾಯಿತು. 2022ರ ಮಾರ್ಚ್‌ನಲ್ಲಿ ಕರಾವಳಿಯ ದೇವಸ್ಥಾನಗಳ ಜಾತ್ರೆಗಳಲ್ಲಿ ಮುಸ್ಲಿಮರಿಗೆ ಅಂಗಡಿ ಹಾಕಲು ಅವಕಾಶ ನಿರಾಕರಿಸಲಾಯಿತು. ಅಂದಿನ ರಾಜ್ಯ ಸರಕಾರವು 2002ರ ನಿಯಮವೊಂದನ್ನು ವಿಧಾನಸಭೆಯಲ್ಲಿ ಉಲ್ಲೇಖಿಸಿತೇ ಹೊರತು ಬಳೆ, ಆಟಿಕೆ, ಮಿಠಾಯಿ ಮಾರುವ ಬಡವರ ಬೆನ್ನಿಗೆ ನಿಲ್ಲಲಿಲ್ಲ. ವದಂತಿಯು ಆಡಳಿತದ ಮೌನವನ್ನು ಕಂಡಾಗ ಬಹಿಷ್ಕಾರವಾಗಿ ಬೆಳೆಯುತ್ತದೆ. ಆದ್ದರಿಂದ ಇದನ್ನು ಕೇವಲ ಮೊಬೈಲ್‌ನ ಸಮಸ್ಯೆಯೆಂದು ಕೈತೊಳೆದುಕೊಳ್ಳುವಂತಿಲ್ಲ. ಇದು ಸಂವಿಧಾನವು ಪ್ರತಿಯೊಬ್ಬ ಪ್ರಜೆಗೂ ನೀಡಿದ ವೃತ್ತಿ ಸ್ವಾತಂತ್ರ್ಯದ ಪ್ರಶ್ನೆ.

ಹಾಗೆಂದು ನಮ್ಮ ಕೈಯಲ್ಲಿರುವ ಮೊಬೈಲ್ ಬಹಳ ಶುದ್ಧವೇ? ದೃಢಪಡದ ಸುದ್ದಿ ಬಂದರೆ ಅದನ್ನು ಪರಿಶೀಲಿಸಬೇಕೆಂದೂ, ಅರಿಯದೆ ಯಾರಿಗಾದರೂ ಹಾನಿ ಮಾಡಿ ಆಮೇಲೆ ಪರಿತಪಿಸುವಂತಾಗಬಾರದೆಂದೂ ಪವಿತ್ರ ಕುರ್‌ಆನಿನ ಹುಜುರಾತ್ ಅಧ್ಯಾಯವು ನಮಗೆ ಬೋಧಿಸುತ್ತದೆ. ವದಂತಿಗಳಿಂದ ಗುಂಪುಹತ್ಯೆಗಳು ನಡೆದ ಬಳಿಕ 2018ರಲ್ಲಿ ವಾಟ್ಸಾಪ್ ಕಂಪೆನಿಯು ಭಾರತದಲ್ಲಿ ಒಂದು ಸಂದೇಶವನ್ನು ಏಕಕಾಲಕ್ಕೆ ಐದಕ್ಕಿಂತ ಹೆಚ್ಚು ಕಡೆಗೆ ಕಳುಹಿಸದಂತೆ ಮಿತಿ ಹೇರಿತು. ಕಂಪೆನಿಯೊಂದು ಮಿತಿ ಹಾಕುವುದಕ್ಕೆ ಹದಿನಾಲ್ಕು ಶತಮಾನಗಳ ಮೊದಲೇ ನಮ್ಮ ನಾಲಿಗೆಗೆ ಮಿತಿಯಿತ್ತು. ಆದರೂ ಅನ್ಯಧರ್ಮೀಯ ವ್ಯಾಪಾರಿಯ ಬಗ್ಗೆ ಆಧಾರವಿಲ್ಲದ ಸಂದೇಶ ಬಂದಾಗ, ಇನ್ನೊಂದು ಜಮಾಅತ್‌ನ ವಿದ್ವಾಂಸರನ್ನು ಹೀಗಳೆಯುವ ತುಣುಕು ವಿಡಿಯೋ ಬಂದಾಗ, ಊರಿನ ಹೆಣ್ಣುಮಗಳೊಬ್ಬಳ ಬಗ್ಗೆ ಗುಸುಗುಸು ಬಂದಾಗ ನಮ್ಮ ಬೆರಳು ತಡೆದು ನಿಲ್ಲುತ್ತದೆಯೇ? ನಮ್ಮ ವಿರುದ್ಧದ ಸುಳ್ಳು ಮಾತ್ರ ಸುಳ್ಳು, ನಾವು ಹರಡಿದ್ದು ಮಾಹಿತಿ ಎಂಬ ನ್ಯಾಯ ಅಲ್ಲಾಹನ ಬಳಿ ನಡೆಯುವುದಿಲ್ಲ.

ಹಾಗಾದರೆ ವದಂತಿಗೆ ಉತ್ತರವೇನು? ಕಾನೂನಿನ ದಾರಿ ಇದ್ದೇ ಇದೆ. ಸುಳ್ಳು ಸಂದೇಶದ ಪ್ರತಿಯನ್ನು ಉಳಿಸಿಕೊಂಡು ಸೈಬರ್ ಪೊಲೀಸರಿಗೆ ದೂರು ನೀಡುವುದನ್ನು ನಮ್ಮ ಚಿಕ್ಕ ವ್ಯಾಪಾರಿಗಳಿಗೂ ಕಲಿಸಬೇಕು. ಅದರ ಜೊತೆಗೆ ನಂಬಿಕೆಯನ್ನು ದಿನವೂ ಗಳಿಸುತ್ತಿರಬೇಕು. ಇದೇ ಕಂಪೆನಿಯು 2016ರಲ್ಲಿ ಬೆಂಗಳೂರಿನಲ್ಲಿ ಮಾರಾಟಗಾರನೇ ಇಲ್ಲದ ಫ್ರಿಜ್‌ಗಳನ್ನು ಇಟ್ಟಿತು. ಗಿರಾಕಿಯೇ ಬೇಕಾದ ವಸ್ತು ತೆಗೆದುಕೊಂಡು ತಾನೇ ಹಣ ಹಾಕಿ ಹೋಗಬೇಕು. ವ್ಯಾಪಾರಿಯು ಮೊದಲು ಗಿರಾಕಿಯನ್ನು ನಂಬಿದ ಪರಿಯಿದು. ಪ್ರವಾದಿ ಮುಹಮ್ಮದ್(ಸ)ರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಒಳಗಿನ ತೇವವನ್ನು ಕಂಡು, ಒದ್ದೆಯಾದುದನ್ನು ಮೇಲಿಡಬಾರದಿತ್ತೇ ಎಂದು ವ್ಯಾಪಾರಿಯನ್ನು ಪ್ರಶ್ನಿಸಿದ್ದರು. ಹೆಸರಿನಲ್ಲಿ 'ಮದೀನಾ' ಎಂದೋ 'ಮಕ್ಕಾ' ಎಂದೋ ಬರೆದು ತಕ್ಕಡಿಯಲ್ಲಿ ಮೋಸ ಮಾಡುವ ಅಂಗಡಿಯು ಸಾವಿರ ವದಂತಿಗಳಿಗಿಂತ ಹೆಚ್ಚಾಗಿ ಸಮುದಾಯಕ್ಕೆ ಹಾನಿ ಮಾಡುತ್ತದೆ.

ದುಡಿಮೆಯ ಅವಧಿಯ ಬಗ್ಗೆಯೂ ಒಂದು ಮಾತು. ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು 2023ರ ಅಕ್ಟೋಬರ್‌ನಲ್ಲಿ ಎನ್.ಆರ್. ನಾರಾಯಣಮೂರ್ತಿ ಹೇಳಿದರು. 2025ರ ಜನವರಿಯಲ್ಲಿ ಲಾರ್ಸನ್ ಆ್ಯಂಡ್ ಟೂಬ್ರೊ ಅಧ್ಯಕ್ಷರ 90 ಗಂಟೆಯ ಮಾತು ಚರ್ಚೆಗೆ ಬಂತು. ತನ್ನ ಸ್ವಂತ ಅಂಗಡಿಗಾಗಿ ಹಗಲಿರುಳು ದುಡಿಯುವವನ ಶ್ರಮ ಬೇರೆ, ಸಂಬಳಕ್ಕೆ ದುಡಿಯುವವನಿಂದ ಅದೇ ಶ್ರಮವನ್ನು ವಸೂಲು ಮಾಡುವುದು ಬೇರೆ. ಮೊದಲನೆಯವನಿಗೆ ಲಾಭವಿದೆ, ಎರಡನೆಯವನಿಗೆ ಏನಿದೆ? ದೇಹಕ್ಕೂ ಕಣ್ಣಿಗೂ ಕುಟುಂಬಕ್ಕೂ ನಮ್ಮ ಮೇಲೆ ಹಕ್ಕಿದೆಯೆಂದು ಪ್ರವಾದಿವರ್ಯರು(ಸ) ಕಲಿಸಿದ್ದು ಹಗಲಿಡೀ ಉಪವಾಸ, ಇರುಳಿಡೀ ನಮಾಝ್ ಎಂದು ಹೊರಟ ಸಹಾಬಿಗೆ. ಆರಾಧನೆಗೇ ಇಂಥ ಮಿತಿಯಿರುವಾಗ ಕಂಪೆನಿಯ ಲಾಭಕ್ಕೆ ಮಿತಿ ಬೇಡವೇ?

ಈ ಪ್ರಶ್ನೆಯನ್ನು ದೊಡ್ಡ ಕಂಪೆನಿಗಳಿಗೆ ಕೇಳುವ ಮುನ್ನ ನಮ್ಮ ಬಟ್ಟೆ ಅಂಗಡಿ, ಬೇಕರಿ, ಗ್ಯಾರೇಜುಗಳ ಮಾಲಿಕರು ತಮ್ಮನ್ನೇ ಕೇಳಿಕೊಳ್ಳಬೇಕು. ಹನ್ನೆರಡು ಗಂಟೆ ನಿಂತು ದುಡಿಯುವ ಹುಡುಗನಿಗೆ ಕೂರಲು ಸ್ಟೂಲ್ ಇದೆಯೇ? ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಹದೀಸನ್ನು ಗೋಡೆಗೆ ತೂಗುಹಾಕಿ ತಿಂಗಳ ಸಂಬಳವನ್ನು ಹದಿನೈದನೇ ತಾರೀಕಿಗೆ ಕೊಡುತ್ತಿಲ್ಲವೇ? ಬೈಕಿನಲ್ಲಿ ಊಟ ತಲಪಿಸುವ ನಮ್ಮ ಎಷ್ಟೋ ಮಕ್ಕಳಿಗೆ ಮಾಲಿಕನೇ ಕಾಣುವುದಿಲ್ಲ, ಆ್ಯಪ್ ಮಾತ್ರ ಕಾಣುತ್ತದೆ. ಅಂಥವರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕವು 2025ರಲ್ಲಿ ಕಾನೂನು ತಂದಿದೆ. ಕಂಪೆನಿಗಳಿಂದ ಶುಲ್ಕ ಪಡೆದು ಕಲ್ಯಾಣ ನಿಧಿ ಸ್ಥಾಪಿಸುವ ವ್ಯವಸ್ಥೆ ಅದರಲ್ಲಿದೆ. ಆ ಮಕ್ಕಳ ನೋಂದಣಿಗೆ ಮಸೀದಿ ಕಮಿಟಿಗಳು ಒಂದು ಮೇಜು, ಒಬ್ಬ ಓದಿದ ಯುವಕನನ್ನು ಒದಗಿಸಿದರೆ ಅದೂ ಒಂದು ಸತ್ಕರ್ಮವೇ.

ಒಬ್ಬ ಮುಸ್ತಫಾ ಗೆದ್ದರೆಂದು ಸಮುದಾಯದ ಸಂಕಷ್ಟ ಮುಗಿಯಿತೆಂದು ನಾವು ಹೇಳುತ್ತಿಲ್ಲ. 2006ರಲ್ಲಿ ಸಾಚಾರ್ ಸಮಿತಿಯು ತೋರಿಸಿಕೊಟ್ಟಂತೆ, ಮುಸ್ಲಿಮರು ಸಂಬಳದ ಉದ್ಯೋಗಕ್ಕಿಂತ ಸ್ವಉದ್ಯೋಗವನ್ನೇ ಹೆಚ್ಚು ಅವಲಂಬಿಸಿದ್ದಾರೆ, ಬ್ಯಾಂಕ್ ಸಾಲದಲ್ಲಿ ಅವರ ಪಾಲು ಕಡಿಮೆಯಿದೆ. ಸರಕಾರದಿಂದ ನ್ಯಾಯ ಕೇಳುವುದು ನಮ್ಮ ಹಕ್ಕು. ಅದನ್ನು ಕೇಳುತ್ತಲೇ ಇರೋಣ. ಆದರೆ ಆರನೆಯ ತರಗತಿಯಲ್ಲಿ ಸೋತ ನಮ್ಮ ಮೊಹಲ್ಲಾದ ಹುಡುಗನನ್ನು ಹುಡುಕಿಕೊಂಡು ಹೋಗಲು ಯಾವ ಸರಕಾರಿ ಆದೇಶವೂ ಬೇಕಿಲ್ಲ. ಮನೆಯಲ್ಲೇ ಪತ್ತಿರಿ, ಉಪ್ಪಿನಕಾಯಿ ಮಾಡಿ ಸಂಸಾರ ತೂಗಿಸುವ ಸಹೋದರಿಗೆ ಆಹಾರ ಪರವಾನಗಿ ಮಾಡಿಸಿಕೊಡಲು, ಅವಳಿಗೆ ಬಡ್ಡಿರಹಿತ ಬಂಡವಾಳ ಹೊಂದಿಸಲು ಊರಿನ ಹತ್ತು ಮಂದಿ ಸಾಕು.

ಸಹಾಯ ಬೇಡಿ ಬಂದ ಅನ್ಸಾರಿಯೊಬ್ಬರ ಮನೆಯಲ್ಲಿದ್ದ ಬಟ್ಟೆ ಮತ್ತು ಪಾತ್ರೆಯನ್ನು ತರಿಸಿ, ಅವನ್ನು ಎರಡು ದಿರ್ಹಮ್‌ಗೆ ಹರಾಜು ಹಾಕಿ, ಒಂದರಿಂದ ಮನೆಯವರಿಗೆ ಆಹಾರ, ಇನ್ನೊಂದರಿಂದ ಕೊಡಲಿ ಕೊಳ್ಳುವಂತೆ ಪ್ರವಾದಿವರ್ಯರು(ಸ) ಹೇಳಿದ ಘಟನೆ ಹದೀಸ್ ಗ್ರಂಥಗಳಲ್ಲಿದೆ. ಆ ಕೊಡಲಿಗೆ ಹಿಡಿಯನ್ನು ಸಿಕ್ಕಿಸಿಕೊಟ್ಟವರು ಸ್ವತಃ ಪ್ರವಾದಿವರ್ಯರೇ(ಸ). ಯುವಕರೇ, ದುಡಿಯುವ ಕೈ ನಿಮ್ಮದಿರಲಿ. ಹಿರಿಯರೇ, ಹಿಡಿ ಸಿಕ್ಕಿಸಿಕೊಡುವ ಹೊಣೆ ನಿಮ್ಮದು. ಹಲಾಲ್ ದುಡಿಮೆಯನ್ನೂ ಸತ್ಯದ ನಾಲಿಗೆಯನ್ನೂ ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.